ನಲವತ್ತೊಂದು

ಕಲ್ಬಾದ ಕಡಲಂಚಿನ ಶೆಡ್ಡಿಗೆ
ವಾರಕ್ಕೊಂದು ಟ್ಯಾಂಕರ್ ಸಿಹಿನೀರು, ನನ್ನ ಲೆಕ್ಕ.
ರಸೀದಿ ಹರಿಯುವುದಿಲ್ಲ. ಕಫೀಲನಿಗೂ ಗೊತ್ತು,
ಗೊತ್ತಿಲ್ಲದವನಂತೆ ಇರುತ್ತಾನೆ.

ಜನವರಿಯ ಚಳಿಗೆ ಮರಗಟ್ಟಿ
ತೇಲಿ ಬಂದ ಆಮೆಮರಿ, ಅಂಗೈಯಗಲ.
ಬೆನ್ನಿಗೆ, ಕುತ್ತಿಗೆಗೆ, ಒಂದು ರೆಪ್ಪೆಗೂ
ಕಚ್ಚಿ ಕೂತ ಕಲ್ಲುಚಿಪ್ಪು.
ಕೀಳಬಾರದು. ಕಿತ್ತರೆ ಓಡೂ ಬರುತ್ತದೆ.
ಸಿಹಿನೀರಲ್ಲಿ ಎರಡು ರಾತ್ರಿ ಇಟ್ಟರೆ
ಉಪ್ಪುಂಡ ಜೀವ ತಾನೇ ಪಟ್ಟು ಸಡಿಲಿಸುತ್ತದೆ.

"ಹೆಸರಿಡಬೇಡ" ಎಂದಳು ಮೋಝಾ ಡಾಕ್ಟರ್,
"ಮಾತಾಡಿಸಲೂಬೇಡ. ನಮ್ಮ ದನಿ ರೂಢಿಯಾದರೆ
ನಾಳೆ ಯಾರದೋ ದೋಣಿಯ ಹತ್ತಿರ ಹೋದೀತು."
ಬೋಗುಣಿಯ ಮೇಲೆ ಬರೀ ಅಂಕಿ: ನಲವತ್ತೊಂದು.

ಆದರೂ ಪೈಪು ಹಿಡಿದಾಗ ಬಾಯಿ ತಪ್ಪಿ
ಉಳ್ಳಾಲದ ಬ್ಯಾರಿಯಲ್ಲಿ ಏನೋ ಅಂದುಬಿಟ್ಟೆ.
ಅವಳಿಗೆ ಕೇಳಿಸಿತು. ಸುಮ್ಮನಿದ್ದಳು.

ಏಪ್ರಿಲ್‌ನಲ್ಲಿ ಬಿಟ್ಟೆವು.
ಒಂದು ಮಾರು ತೆವಳಿ, ನಿಂತಿತು.
ತಿರುಗೀತೇನೋ ಎಂದು ಉಸಿರು ಹಿಡಿದೆ.
ತೆರೆ ಬಂತು. ತಿರುಗಲಿಲ್ಲ.
"ಹಾಗೇ ಆಗಬೇಕು" ಎಂದು
ಕೈ ಒರೆಸಿಕೊಂಡಳು ಮೋಝಾ,
ಕಣ್ಣನ್ನೂ ಅದೇ ಬಟ್ಟೆಯಲ್ಲಿ.

ಉದುರಿದ ಚಿಪ್ಪೊಂದು
ಟ್ಯಾಂಕರಿನ ಡ್ಯಾಶ್‌ಬೋರ್ಡಿನ ಮೇಲಿದೆ.
ಮಸಾಫಿಯ ತಿರುವುಗಳಲ್ಲಿ
ಆಚೆಗೊಮ್ಮೆ ಈಚೆಗೊಮ್ಮೆ ಜಾರುತ್ತದೆ.