ಕೊನೆಯ ಪುಟ ಖಲಂದರನ ಹತ್ತಿರ

ಬೀರೂರು ಸ್ಟೇಷನ್ನಿನ ಎದುರು ಪಂಕ್ಚರ್ ಅಂಗಡಿಯಲ್ಲಿ
ಹಳೇ ಟ್ಯೂಬು ನೇತುಹಾಕಿದ ಅದೇ ಮೊಳೆಗೆ ದಾರ ಕಟ್ಟಿ
ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ
ಸವಾರರು ಜೋತಾಡುತ್ತಿದ್ದರು.
ಗಂಟೆಗೆ ಹತ್ತು ಪೈಸೆ.
ಮನೆಗೊಯ್ದರೆ ನಾಲ್ಕಾಣೆ, ಜೊತೆಗೊಂದು ಬೈಗುಳ.
ಯಾವ ಪುಸ್ತಕ ತೆರೆದರೂ ಮರುಭೂಮಿಗೆ
ಸಲ್ಯೂಷನ್ನಿನ ವಾಸನೆ.

ಇಂಗ್ಲಿಷು ನಮಗೆ ಬರುತ್ತಿರಲಿಲ್ಲ, ಖಲಂದರನಿಗೂ.
ಗುಂಡಿನ ಸದ್ದಿಗೆ ಮಾತ್ರ ಗೋಡೆಬರಹದಷ್ಟು ದೊಡ್ಡಕ್ಷರ,
ಅದನ್ನು ಎಲ್ಲರೂ ಓದುತ್ತಿದ್ದೆವು.
ಉಳಿದ ಮಾತು ನಾವೇ ತುಂಬಬೇಕು.
ಎದೆಗೆ ನಕ್ಷತ್ರ ಚುಚ್ಚಿಕೊಂಡವನು ನಮ್ಮ ಲೆಕ್ಕಕ್ಕೆ ಅಮಲ್ದಾರ.
ಹೆಂಡದಂಗಡಿಯ ಗಿಡ್ಡ ಬಾಗಿಲು ನೂಕಿ ಬಂದವನು
‘ಯಾವನ್ಲಾ ಇಲ್ಲಿ ಗಂಡ್ಸು’ ಅನ್ನಲೇಬೇಕು.
ಜಡೆ ಹೆಣೆದು ಗರಿ ಸಿಕ್ಕಿಸಿದವರಿಗೆ
ಮಾತಿನ ಗುಳ್ಳೆಯೇ ಇರಲಿಲ್ಲ.
ಬಂಡೆಯ ಹಿಂದಿನಿಂದೆದ್ದು
ಮೂರನೇ ಚೌಕಕ್ಕೆ ಬೀಳುತ್ತಿದ್ದರು.
ಅವರ ಬಾಯಲ್ಲಿ ಏನು ಹೇಳಿಸುವುದೆಂದು
ನಮಗೂ ಹೊಳೆಯಲಿಲ್ಲ.

ಒಂದು ಪುಸ್ತಕಕ್ಕೂ ಕೊನೆಯ ಹಾಳೆಯಿಲ್ಲ.
ಪ್ರಪಾತದ ಅಂಚಿಗೆ ಬಂಡಿ, ಒಂದು ಗಾಲಿ ಗಾಳಿಯಲ್ಲಿ,
ಅಲ್ಲಿಗೆ ರಟ್ಟು.
‘ಆಮೇಲೆ?’ ಅಂದರೆ ಖಲಂದರ
ಟ್ಯೂಬನ್ನು ನೀರಿಗದ್ದಿ, ಗುಳ್ಳೆ ಏಳುವ ತನಕ ಕಾಯಿಸಿ
ಆಮೇಲೆ ಹೇಳುವನು.
ನನಗೆ: ಬಂಡಿ ಬಿತ್ತು, ಸವಾರ ಬಳ್ಳಿ ಹಿಡಿದು ಉಳಿದ.
ರೈಲ್ವೆ ಕ್ವಾರ್ಟರ್ಸಿನ ಪೌಲನಿಗೆ: ಬಂಡಿ ಬೀಳಲೇ ಇಲ್ಲ.
ಎಣ್ಣೆ ಮಿಲ್ಲಿನ ಮುಕುಡಪ್ಪನಿಗೆ: ಬಿದ್ದದ್ದು ಬೇರೆ ಬಂಡಿ.
ಗೂಡ್ಸ್ ಷೆಡ್ಡಿನ ಹಿಂದೆ ಮೂವರೂ ಹೊಡೆದಾಡಿದೆವು.
ಪೌಲನ ಹಲ್ಲು ಮುರಿದದ್ದು
ಬಳ್ಳಿಯ ವಿಚಾರಕ್ಕೆ.

ನಮ್ಮಪ್ಪ ಬಾಸೂರು ಕಾವಲಿನಲ್ಲಿ
ಅಮೃತಮಹಲಿನ ದನ ಕಾಯುತ್ತಿದ್ದ.
ಬರಿಗಾಲು, ಕರಿಕಂಬಳಿ, ಕೈಯಲ್ಲೊಂದು ಬೆತ್ತ.
ಕಣ್ಣು ಹಾಯುವಷ್ಟೂ ಹುಲ್ಲು,
ಅದರಾಚೆ ಕೃಷ್ಣಮೃಗ ನೆಗೆದರೆ ಒಂದು ಗೆರೆ ಎದ್ದು ಮಲಗುವುದು.
ಗುಡ್ಡ ದೂರ, ನೀಲಿ, ಥೇಟು ಪುಸ್ತಕದ ಹಾಗೆ.
ಸೆಣಬಿನ ಹಗ್ಗಕ್ಕೆ ಕುಣಿಕೆ ಹಾಕಿ
ಕರುವೊಂದರ ಕೊರಳಿಗೆ ಬೀಸಿದೆ.
ಬಿದ್ದದ್ದು ಕತ್ತಾಳೆಗೆ.

ಅಪ್ಪ ಹೊಡೆಯಲಿಲ್ಲ. ಪುಸ್ತಕ ಇಸಿದುಕೊಂಡು
ತಲೆಕೆಳಗೆ ಹಿಡಿದು, ಕುದುರೆ ಕಂಡು ಸರಿಮಾಡಿಕೊಂಡು
ಒಂದು ಬೀಡಿ ಮುಗಿಯುವಷ್ಟು ಹೊತ್ತು ನೋಡಿದ.
‘ಹಗ್ಗ ಯಾಕ್ ಬೀಸ್ತಾನೆ ಮುಂಡೇದು,
ಹೆಸ್ರಿಡ್ದು ಕೂಗಿದ್ರೆ ಬರಲ್ವಾ ಅವು?’
ಹಾಳೆ ತಿರುವಿ, ಬಿದ್ದವರ ಮೇಲೆ ಬೆರಳಿಟ್ಟ.
‘ಇವ್ರು ಯಾರು?’
‘ಕಳ್ಳರು.’
‘ಏನ್ ಕದ್ರು?’
ಹುಡುಕಿದೆ. ಮೊದಲ ಪುಟದಿಂದ ಮತ್ತೆ ಹುಡುಕಿದೆ.
‘ಈ ಹುಲ್ಲು ಯಾರ್ದಂತೆ ಇದ್ರಾಗೆ?’
ಹೊತ್ತಾಗಿತ್ತು,
ಪುಸ್ತಕ ವಾಪಸು ಕೊಡಬೇಕಿತ್ತು.

ಮೂವತ್ತು ವರ್ಷದ ಮೇಲೆ ರಸ್ತೆ ಅಗಲ ಮಾಡುವವರು
ಅಂಗಡಿಯ ಗೋಡೆಗೆ ಕೆಂಪು ಗೀಟು ಎಳೆದುಹೋದರು.
ಸಾಮಾನು ಎತ್ತುವ ದಿನ ಖಲಂದರ ನನ್ನನ್ನು ಕರೆಸಿ
ಗ್ರೀಸಿನ ಡಬ್ಬಿಯೊಂದನ್ನು ಮುಂದಿಟ್ಟ:
ಟ್ಯೂಬಿನ ರಬ್ಬರು ಸುತ್ತಿದ ಕೊನೆಯ ಹಾಳೆಗಳು,
ಇನ್ನೂರೋ ಮುನ್ನೂರೋ.
‘ಇವೂ ಇದ್ದಿದ್ರೆ ನೀವು ತಿರ್ಗಾ ಬರ್ತಿದ್ರಾ?’
ನಗಲಿಲ್ಲ.

ಆ ಬಂಡಿಯ ಹಾಳೆ ಸಿಕ್ಕಿತು.
ಬಂಡಿ ಬಿದ್ದಿರಲಿಲ್ಲ, ಪೌಲನೇ ಸರಿ.
ಹುಬ್ಬಳ್ಳಿ ಷೆಡ್ಡಿನಲ್ಲಿದ್ದಾನೆ ಈಗ, ಕಟ್ಟಿಸಿದ ಹಲ್ಲು;
ಫೋನು ಮಾಡಲಿಲ್ಲ ನಾನು.
ಸವಾರ ಬೆನ್ನು ತೋರಿಸಿ ಹೊರಟಿದ್ದ.
ಬಣ್ಣ ಹಾಕುವವನಿಗೆ ಸಾಕಾಗಿತ್ತೋ ಏನೋ
ಹುಲ್ಲಿರಬೇಕಾದಲ್ಲಿ ಬರೀ ಕಾಗದ.

ಅಪ್ಪನ ಕೈಗೆ ಕೊಟ್ಟೆ.
ಕನ್ನಡಕ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದ.
ಹುಲ್ಲಿನ ಮಾತೇ ಎತ್ತಲಿಲ್ಲ.
‘ಕುದ್ರೆ ಹಿಂದ್ಲ ಎಡಗಾಲು ಊರ್ತಿಲ್ಲ ನೋಡು.
ಮುಳ್ಳು ತುಳ್ದೈತೆ.
ಇಳಿಯಾಕ್ ಹೇಳು ಅವ್ನಿಗೆ.’