ತೆಗೆ

ಮಂಡಕ್ಕಿ ಭಟ್ಟಿಯ ಮೇಲಿನ ಮಾಳಿಗೆ. ಕಿಟಕಿ ಮುಚ್ಚಿದರೂ
ಹೊಗೆಗೆ ದಾರಿ ಗೊತ್ತು.
ಕೀಬೋರ್ಡಿನ ಸಂದಿಯಲ್ಲಿ ದಾವಣಗೆರೆಯ ಮರಳು.
ಇಲ್ಲಿ ಕೂತು ಉಪಕರಣಗಳ ಗುಣ ಬರೆಯುತ್ತೇನೆ
ಕಣ್ಣಿಲ್ಲದ, ಮೂಗಿಲ್ಲದ,
ಓದಲು ಮಾತ್ರ ಬರುವ ಒಬ್ಬನಿಗೆ.

ಏಜೆಂಟು ಅಂದಾಗ ಹಯಾತ್ ಸಾಬರು ಕೈ ಮುಗಿದಿದ್ದರು:
"ಎಪಿಎಂಸಿಯೊಳಗೆ ಇರೋರೇ ಸಾಕು ತಾಯಿ,
ನೂರಕ್ಕೆ ಎರಡು ಮುರ್ಕೊಂತಾರೆ."
ಇವನು ಮುರ್ಕೊಳ್ಳಲ್ಲ, ಅಂದೆ. ಎಲೆ ಅಡಿಕೆ ಹಾಕಲ್ಲ.
ಹೇಳಿದ್ದಷ್ಟು ಮಾಡ್ತಾನೆ.
"ಹೇಳಿದ್ದಷ್ಟಾ?" ಅಂದರು.
ಓದಿಕೊಂಡವಳು ನಾನು. ಅವರ ಹುಬ್ಬು ಓದಲಿಲ್ಲ.

ಏಳು ಉಪಕರಣ. ಏಳಕ್ಕೂ ಒಂದೊಂದು ಸಾಲು.
ದಾಸ್ತಾನು ನೋಡು: ದಾಸ್ತಾನು ನೋಡುತ್ತದೆ.
ದರ ಹೇಳು: ದರ ಹೇಳುತ್ತದೆ.
ಕನ್ನಡಿಯ ಮುಂದೆ ಕನ್ನಡಿ ಇಟ್ಟು
ದೀಪ ಹಚ್ಚಿದೆ ಅಂದುಕೊಂಡೆ.
ಆರನೆಯದು ಊಟದ ಹೊತ್ತಿನಲ್ಲಿ:
ಆರ್ಡರ್ ತೆಗೆ: ಗಿರಾಕಿಯ ಆರ್ಡರ್ ತೆಗೆಯುತ್ತದೆ.

ಮಂಗಳವಾರ ಬೆಳಿಗ್ಗೆ ಹಿರಿಯೂರಿನ ಫೋನು.
ನಲವತ್ತು ಚೀಲ, ಒಂದೂ ಬಂದಿಲ್ಲ.
ದಾಖಲೆ ಬಿಚ್ಚಿದೆ. ಹಿಂದಿನ ರಾತ್ರಿ ಅವರು ಬರೆದಿದ್ದರು:
ನಮ್ಮ ಆರ್ಡರ್ ತೆಗೀರಿ, ಮುಂಜಾನೆ ಲಾರಿಗೆ ಹಾಕಾಕೆ.
ಏಜೆಂಟು ಏಳರಲ್ಲಿ ಹುಡುಕಿದ. ಹೆಸರು ಕೂಡಿತು.
ಶಿಸ್ತಾಗಿ, ವಿನಯವಾಗಿ,
ಪುಸ್ತಕದಿಂದ
ತೆಗೆದುಹಾಕಿದ.

ಅವನ ತಪ್ಪೇನು?
ಬಾಗಿಲು ತೆಗೆದರೆ ಬಾಗಿಲು ಉಳಿಯುತ್ತದೆ,
ಕಳೆ ತೆಗೆದರೆ ಕಳೆ ಉಳಿಯುವುದಿಲ್ಲ.
ಫೋಟೋ ತೆಗೆದರೆ ಇಲ್ಲದ್ದೊಂದು ಹುಟ್ಟುತ್ತದೆ,
ಗೋಡೆಯ ಫೋಟೋ ತೆಗೆದರೆ ಮೊಳೆ.
ದನಿ ತೆಗೆ, ಸಾಲ ತೆಗೆ, ಬೈತಲೆ ತೆಗೆ, ಜೀವ ತೆಗೆ.
ಇವನ್ನೆಲ್ಲ ಅವ್ವ ನನಗೆ ತುತ್ತಿನ ಜೊತೆ ಕಲಸಿ ಕೊಟ್ಟಳು,
ವರ್ಷಗಟ್ಟಲೆ.
ಅವನಿಗೆ ನಾನು ಕೊಟ್ಟದ್ದು ಒಂದು ಸಾಲು,
ಅದೂ ಹಸಿದುಕೊಂಡು.

ಕೆಳಗಿಳಿದೆ, ಬೈಸಿಕೊಳ್ಳುವುದಕ್ಕೆ. ಸಾಬರು ಇರಲಿಲ್ಲ.
ಜೈಬುನ್ನಮ್ಮ ಹೊಸ ಹುಡುಗ ಗೌಸನಿಗೆ
ಜಲ್ಲಡಿ ತೋರಿಸುತ್ತಿದ್ದಳು. ಮೂರು ಜಲ್ಲಡಿ, ಒಂದೇ ಹೆಸರು.
"ಇದು ಮರಳು ಸೋಸಾಕೆ. ಬಾಣಲೆಯಿಂದ ಎತ್ತಿದ ಕೂಡ್ಲೆ.
ಇದು ನುಚ್ಚಿಗೆ, ಆರಿದ ಮ್ಯಾಲೆ. ಬಿಸೀದು ಸುರಿದ್ಯೋ,
ನೈಲಾನ್ ಬಲೆ, ಕರಗ್ತತಿ.
ಇದು ಅಕ್ಕಿಗೆ, ಉಪ್ಪು ಹಚ್ಚೋಕೂ ಮೊದ್ಲು.
ತಿಳೀದಿದ್ರೆ ಸುಮ್ನೆ ನಿಂದ್ರು. ಕೇಳು.
ಕೇಳಿದ್ರೆ ನಾನೇನು ತಿಂತೀನಾ?"
ಹುಡುಗ ತಲೆಯಾಡಿಸಿದ. ಆ ತಲೆಯನ್ನು ಅವಳು ನಂಬಲಿಲ್ಲ.
"ಈಗ ನೀನು ಹೇಳು ನೋಡಾನ."

ಬೈಗುಳ ಸಂಜೆ ಸಿಕ್ಕಿತು, ಪೂರ್ತಿ, ಉರ್ದು ಬೆರೆಸಿ.
ಹಿರಿಯೂರಿಗೆ ಸಾಬರೇ ಟೆಂಪೋ ಹತ್ತಿ ಹೋದರು.

ರಾತ್ರಿ ಮತ್ತೆ ಬರೆದೆ.
ಲೋಡ್ ಹೊರಡಿಸು: ಪುಸ್ತಕದಲ್ಲಿರುವ ಆರ್ಡರನ್ನು
ಗೋದಾಮಿನಿಂದ ಲಾರಿಗೆ ಕಳಿಸುತ್ತದೆ. ಊರು ಬೇಕು, ಚೀಲದ ಲೆಕ್ಕ ಬೇಕು.
ಕಿಲೋದಲ್ಲಿ ಹೇಳಿದರೆ ಊಹಿಸಬೇಡ.
ಆರ್ಡರ್ ರದ್ದು ಮಾಡು: ಮಾಡಿದ ಮೇಲೆ ಮರಳಿ ಬರುವುದಿಲ್ಲ.
ಗಿರಾಕಿ ಬೇಡ ಎಂದು ತನ್ನ ಬಾಯಿಂದಲೇ ಅಂದಾಗ ಮಾತ್ರ.
ನೋಡೋಣ ಎಂದರೆ
ಬೇಡ ಎಂದಲ್ಲ.

ಅಲ್ಲಿ ಬೆರಳು ನಿಂತಿತು.
ಹರಿಹರದಿಂದ ಬಂದಿದ್ದ ಒಬ್ಬ,
ಎದುರಿನ ಬೆಣ್ಣೆದೋಸೆ ಆರುವ ತನಕ ಕಾದ.
ನೋಡೋಣ, ಅಂದಿದ್ದೆ.
ಯೋಚಿಸುತ್ತೇನೆ ಎಂಬರ್ಥದಲ್ಲಿ. ನಿಜವಾಗಿಯೂ.
ಅವನು ದುಡ್ಡು ಕೊಟ್ಟು, ಚಿಲ್ಲರೆ ಬಿಟ್ಟು,
ಬಸ್ಸು ಹತ್ತಿದ.

ಕೊನೆಗೆ ಎಂಟನೆಯದೊಂದು ಸೇರಿಸಿದೆ, ಪಟ್ಟಿಯಲ್ಲಿ ಇಲ್ಲದ್ದು.
ಕೇಳು: ತಿಳಿಯದಿದ್ದಾಗ ಬಳಸು. ಎಷ್ಟು ಸಲವಾದರೂ.
ಯಾರೂ ತಿನ್ನುವುದಿಲ್ಲ.

ಬೆಳಿಗ್ಗೆ ಆರಕ್ಕೆ, ಮಲೇಬೆನ್ನೂರಿನ ಅಂಗಡಿಯವನಿಗೆ,
ದರಪಟ್ಟಿಯಲ್ಲಿ ಎರಡು ದರ ಕಂಡು
ಅವನು ಕೇಳಿದ್ದ:
ಚೀಲ ದೊಡ್ಡದೋ, ಸಣ್ಣದೋ?

ವರ್ಷವಾಯಿತು ಈ ಮಾಳಿಗೆಗೆ ಬಂದು.
ಚೀಲದಲ್ಲಿ ಎರಡು ಇವೆಯೆಂದು
ನನಗೆ ಗೊತ್ತಿರಲಿಲ್ಲ.