ಎಣ್ಣೆ ಹೆಬ್ಬೆರಳು

ತೊರಿನೊ. ದೋರಾ ನದಿಯ ಬದಿಗೆ ಮೂರನೇ ಮಹಡಿಯಲ್ಲಿ
ಯಂತ್ರದ ನಕ್ಷೆ ಬರೆಯುವ ನನ್ನ ಕಚೇರಿ.
ಎದುರಿಗೇ ಗೇರು ಕಡೆಯುವ ಕಾರ್ಖಾನೆ,
ನಡುವೆ ಟ್ರಾಮಿನ ಹಳಿ. ಅದನ್ನು ದಾಟಿ
ಗ್ವಾಲ್ತಿಯೆರೋ ಬರುತ್ತಿದ್ದ, ಊಟದ ಬಿಡುವಿನಲ್ಲಿ,
ನನ್ನ ಬಿಳಿ ಹಾಳೆಗೆ ಎಣ್ಣೆ ಹೆಬ್ಬೆರಳು ಊರಿ:
'ಸಿನ್ಯೋರಾ, ಈ ಮೂಲೆಗೆ ನನ್ನ ಉಳಿ ಹೋಗೋದಿಲ್ಲ.
ಕಾಗದಕ್ಕೇನು, ಎಲ್ಲಾ ತಡಕೊಳ್ಳುತ್ತೆ.'

ಸಿಟ್ಟು ಬರುತ್ತಿತ್ತು. ಅಳಿಸುತ್ತಿದ್ದೆ.
ಅಳಿಸಿದ್ದಕ್ಕೂ ಬಿಲ್ಲು ಬರೆದು
ಅವನ ಧಣಿಗೇ ಕಳಿಸುತ್ತಿದ್ದೆ:
ಸಲಹೆಯ ಬಾಬ್ತು.

ಆ ಗೇಟಿಗೆ ಬೀಗ ಬಿದ್ದು ಆರು ವರ್ಷ.
ಲೇತುಗಳು ಹಡಗು ಹತ್ತಿದವು. ಗ್ವಾಲ್ತಿಯೆರೋ
ಈಗ ಶಾಲೆಯ ಮಕ್ಕಳನ್ನು ರಸ್ತೆ ದಾಟಿಸುತ್ತಾನೆ.
'ಜ್ಞಾನಕ್ಕೆ ಕಾರ್ಖಾನೆಯ ಹಂಗೇಕೆ?' ಎಂದರು ನಗರಸಭೆಯವರು,
ನನ್ನ ಬಾಗಿಲಿಗೊಂದು ಹಿತ್ತಾಳೆ ಫಲಕ ಹೊಡೆಸಿ.

ನಕ್ಷೆ ಕಳಿಸುತ್ತೇನೆ, ಕಾಣದ ಊರಿಗೆ.
'ತಲುಪಿತು, ವಂದನೆ.' ಅಷ್ಟೇ.
ಮೂಲೆ ಸರಿಯೋ ತಪ್ಪೋ,
ಬೈಯುವವರಿಲ್ಲ.

ನಿನ್ನೆ ಕಪಾಟಿನಲ್ಲಿ ಹಳೆಯ ಹಾಳೆಯೊಂದು ಸಿಕ್ಕಿತು.
ಎಣ್ಣೆ ಹಬ್ಬಿ ಹಬ್ಬಿ ಆ ಬೆರಳಿನ ಜಾಗ
ಗಾಜಿನಂತಾಗಿತ್ತು. ಕಿಟಕಿಗೆ ಹಿಡಿದೆ.
ಅಷ್ಟಗಲದಲ್ಲಿ ಮಾತ್ರ
ಎದುರಿನ ಗೋಡೆ ಕಂಡಿತು.